ದೇವರ ಮೇಲೆ ಭಾರ ಹಾಕುವುದು: ಅಡಿಕೆ ತೋಟದ ಮಳೆಗಾಲದಲ್ಲಿ

‘ದೇವರ ಮೇಲೆ ಭಾರ ಹಾಕಿ ಕೂತಿದ್ದೇವೆ’ ಅನ್ನುವ ಮಾತು ತೀರ್ಥಹಳ್ಳಿ, ಹೊಸನಗರದ ಕಡೆ ಜೂನ್ ಬಂತೆಂದರೆ ಮನೆಮನೆಯಲ್ಲೂ ಕೇಳುತ್ತದೆ. ಬೈಬಲಿನ ಕೀರ್ತನೆ 55:22 ಕೂಡ ಅದನ್ನೇ ಹೇಳುತ್ತದೆ. ಆದರೆ ಅಲ್ಲಿ ಹಾಕು ಎಂದಿರುವುದು ಚಿಂತೆಯ ಭಾರವನ್ನು. ಕೆಲಸದ ಭಾರ ನಮ್ಮ ಹೆಗಲ ಮೇಲೇ ಇರಬೇಕು. ಇವೆರಡನ್ನೂ ಬೇರೆ ಮಾಡಿಕೊಳ್ಳಲು ನಮ್ಮ ಮನೆಯಲ್ಲಿ ನಡೆಸಿಕೊಂಡು ಬಂದಿರುವ ಕ್ರಮ ಇದು.

ಮೃಗಶಿರ ಮಳೆ ಹಿಡಿಯುವ ಮೊದಲೇ ಒಂದು ನೋಟ್‌ಬುಕ್ ಇಡುತ್ತೇವೆ. ಎಡಪುಟದಲ್ಲಿ ನಮ್ಮ ಕೈಲಿರುವುದು, ಬಲಪುಟದಲ್ಲಿ ಕೈಮೀರಿದ್ದು. ‘ತೋಟ ಏನಾಗುತ್ತದೋ’ ಎಂದು ಬರೆದರೆ ಪ್ರಯೋಜನವಿಲ್ಲ, ಅದನ್ನು ಒಡೆಯಬೇಕು. ಮೈಲುತುತ್ತ (ತಾಮ್ರದ ಸಲ್ಫೇಟ್), ಸುಣ್ಣ ತರುವುದು, ಮರ ಹತ್ತಿ ಔಷಧಿ ಹೊಡೆಯುವ ಕೊನೆಗಾರನಿಗೆ ಮೊದಲೇ ಹೇಳಿಡುವುದು, ದೋಟಿ (ಉದ್ದನೆಯ ಕೋಲು) ಸರಿಮಾಡುವುದು ಎಡಕ್ಕೆ, ಪ್ರತಿಯೊಂದಕ್ಕೂ ತಾರೀಕು ಹಾಕಿ. ಮಳೆ ಹೊಳವಾಗಿ ಬಿಡುವು ಕೊಡುತ್ತದೋ ಇಲ್ಲವೋ, ಶಿವಮೊಗ್ಗದ ಮಂಡಿಯಲ್ಲಿ ಏನು ಧಾರಣೆ ಬರುತ್ತದೋ ಅನ್ನುವುದು ಬಲಕ್ಕೆ.

ಎಡಪುಟದ ಕೆಲಸ ಅರೆಬರೆಯಾದರೆ ರಾತ್ರಿಯ ಪ್ರಾರ್ಥನೆ ಬಾಯಿಮಾತಾಗುತ್ತದೆ. ಮಳೆಗಾಲದಲ್ಲಿ ಅಡಿಕೆ ಕಾಯಿಯನ್ನು ಕೊಳೆಸಿ ಉದುರಿಸುವ ಕೊಳೆ ರೋಗಕ್ಕೆ ಶೇ. 1ರ ಬೋರ್ಡೋ ದ್ರಾವಣ: 1 ಕೆ.ಜಿ. ಮೈಲುತುತ್ತ 50 ಲೀಟರ್ ನೀರಿಗೆ, 1 ಕೆ.ಜಿ. ಸುಣ್ಣ ಇನ್ನೊಂದು 50 ಲೀಟರಿಗೆ, ಎರಡೂ ಬೇರೆ ಬೇರೆ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ. ಸುಣ್ಣದ ತಿಳಿಗೆ ಮೈಲುತುತ್ತದ ನೀರನ್ನು ತಿರುವುತ್ತಾ ನಿಧಾನಕ್ಕೆ ಸುರಿಯಬೇಕು. ತಿಕ್ಕಿ ಬೆಳಗಿದ ಕಬ್ಬಿಣದ ಚಾಕುವನ್ನು ಒಂದು ನಿಮಿಷ ಅದ್ದಿ ತೆಗೆದಾಗ ಅಲಗಿಗೆ ಕೆಂಪು ತಾಮ್ರದ ಬಣ್ಣ ಹತ್ತಿದರೆ ಸುಣ್ಣ ಸಾಲದು ಎಂದರ್ಥ. ಹಾಗೇ ಹೊಡೆದರೆ ಎಳೆಗಾಯಿ ಸುಡುತ್ತದೆ. ಚಾಕು ಬೆಳ್ಳಗೇ ಬರುವವರೆಗೆ ಸುಣ್ಣದ ನೀರು ಸೇರಿಸಿ, ಅಂದೇ ಹೊಡೆದು ಮುಗಿಸಬೇಕು. ಎರಡನೆಯ ಸಲ ಹೊಡೆಯುವುದು 40–45 ದಿನಕ್ಕೆ. ಈ ಚಾಕುವಿನ ಪರೀಕ್ಷೆಯನ್ನು ಬಿಟ್ಟು ‘ದೇವರು ನೋಡಿಕೊಳ್ಳುತ್ತಾನೆ’ ಎನ್ನುವುದು ದೇವರನ್ನು ಪರೀಕ್ಷಿಸುವ ಕೆಲಸ. ಅದನ್ನು ಯೇಸುಸ್ವಾಮಿ ಮತ್ತಾಯ 4:7ರಲ್ಲಿ ಸ್ಪಷ್ಟವಾಗಿಯೇ ಬೇಡವೆಂದಿದ್ದಾರೆ.

ರಾತ್ರಿ ಊಟಕ್ಕೆ ಮುಂಚೆ ಹತ್ತು ನಿಮಿಷ ಬಲಪುಟಕ್ಕೆ. ಫಿಲಿಪ್ಪಿಯರಿಗೆ 4:6ರಲ್ಲಿ ಬೇಡಿಕೆಯ ಜೊತೆಗೇ ಕೃತಜ್ಞತೆಯೂ ಇದೆ, ಅದಕ್ಕೇ ಅಂದಿನ ಮೂರು ಉಪಕಾರಗಳನ್ನು ಹೆಸರಿಟ್ಟು ನೆನೆಯುತ್ತೇವೆ. ಆಮೇಲೆ ಬಲಪುಟದ ಒಂದೇ ಒಂದು ಸಾಲನ್ನು ಗಟ್ಟಿಯಾಗಿ ಓದಿ ಒಪ್ಪಿಸುವುದು. ಕೊನೆಗೆ ಯೇಸುಸ್ವಾಮಿ ಕಲಿಸಿದ ಪ್ರಾರ್ಥನೆಯಾದ ಪರಲೋಕ ಮಂತ್ರ, ‘ಅನುದಿನದ ಆಹಾರ’ ಎಂಬಲ್ಲಿ ತುಸು ನಿಂತು. ಪುಸ್ತಕ ಮುಚ್ಚಿದ ಮೇಲೆ ಬೆಳಗಿನವರೆಗೆ ಮೊಬೈಲಿನಲ್ಲಿ ಮಳೆ ನೋಡುವಂತಿಲ್ಲ.

ಕೆಡುವುದು ಎರಡು ಕಡೆ. ಒಂದು, ‘ಈ ಸಲ ಕೊಳೆ ಬರದಿದ್ದರೆ ಇಷ್ಟು ಕಾಣಿಕೆ’ ಎಂಬ ಚೌಕಾಸಿ. ಅದು ವ್ಯಾಪಾರ, ಅಲ್ಲಿ ವಿಶ್ವಾಸಕ್ಕೆ ಜಾಗವಿಲ್ಲ. ಇನ್ನೊಂದು, ನಡುರಾತ್ರಿ ಹೆಂಚಿನ ಮೇಲೆ ಮಳೆ ರಪರಪನೆ ಬೀಳುವಾಗ ಮತ್ತೆ ಏಳುವ ಕಳವಳ. ಆಗ ಉದ್ದದ ಪ್ರಾರ್ಥನೆಗೆ ಕೂತರೆ ಚಿಂತೆಯೇ ಪ್ರಾರ್ಥನೆಯ ವೇಷ ಹಾಕಿಕೊಂಡು ಬರುತ್ತದೆ. ಸಂಜೆ ಒಪ್ಪಿಸಿದ ಸಾಲನ್ನೇ ಒಮ್ಮೆ ಹೇಳಿ ಮಗ್ಗುಲು ಬದಲಿಸುವುದು ಒಳ್ಳೆಯದು.

ಬೆಳೆ ವಿಮೆ ಮಾಡಿಸುವುದು ಅವಿಶ್ವಾಸವೇ ಎಂದು ಕೇಳುವವರಿದ್ದಾರೆ. ವಿಮೋಚನಾಕಾಂಡ 16ರಲ್ಲಿ, ಅರಣ್ಯದಲ್ಲಿ ದೇವರು ಇಸ್ರಾಯೇಲರಿಗೆ ದಿನದಿನಕ್ಕೆ ಕೊಟ್ಟ ಆಹಾರವಾದ ಮನ್ನಾವನ್ನು ಮರುದಿನಕ್ಕೆಂದು ಉಳಿಸಿದಾಗ ಅದು ಹುಳ ಬಿದ್ದು ನಾರಿತು. ಆದರೆ ಆರನೆಯ ದಿನ ದೇವರೇ ಹೇಳಿ ಎರಡರಷ್ಟು ಕೂಡಿಡಿಸಿದ್ದು ಕೆಡಲಿಲ್ಲ. ಕೂಡಿಡುವುದೇ ತಪ್ಪಾಗಿದ್ದರೆ ಅದೂ ಕೆಡಬೇಕಿತ್ತು. ವಿಮೆ ಎಡಪುಟದ ಬಾಬ್ತು. ಕಂತು ಕಟ್ಟಿ ಮುಂದಿನ ಕೆಲಸಕ್ಕೆ ಹೋಗಬೇಕು.

ಎಲ್ಲ ಮಾಡಿಯೂ ಕೊಳೆ ಬರುತ್ತದೆ. ಉದುರಿದ ಕಾಯಿಯನ್ನು ಮರದ ಬುಡದಲ್ಲಿ ಬಿಡದೆ ಹೆಕ್ಕಿ ತೋಟದಿಂದ ಹೊರಹಾಕಬೇಕು, ಇಲ್ಲದಿದ್ದರೆ ರೋಗ ಹಬ್ಬುತ್ತದೆ. ಆ ರಾತ್ರಿ ಸ್ತೋತ್ರ ಹಾಡಲು ಬಾಯಿ ಬರದಿದ್ದರೆ ಬೇಡ, ಕೀರ್ತನೆ 13 ಇದೆ, ‘ಎಲ್ಲಿಯ ತನಕ’ ಎಂದು ದೇವರನ್ನೇ ಕೇಳುವ ಕೀರ್ತನೆ. ಹಬಕ್ಕೂಕ 3:17–18 ಓದಲು ಕೆಲವು ದಿನ ಬೇಕಾಗುತ್ತದೆ: ಅಂಜೂರ ಚಿಗುರದಿದ್ದರೂ, ಹಟ್ಟಿಯಲ್ಲಿ ದನವಿಲ್ಲದಿದ್ದರೂ ದೇವರಲ್ಲಿ ಆನಂದಿಸುವೆ ಎಂಬ ಮಾತು ಅದು. ಬೆಳೆ ಕಳೆದುಕೊಂಡವರಿಗೆ ‘ನಿಮ್ಮ ವಿಶ್ವಾಸ ಕಡಿಮೆಯಾಯಿತು’ ಎಂದು ಯಾರೂ ದಯವಿಟ್ಟು ಹೇಳಬಾರದು. ಅವರ ತೋಟಕ್ಕೆ ಹೋಗಿ ಕಾಯಿ ಹೆಕ್ಕಿಕೊಡಿ.

ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ, ಅಂದರೆ ಮಾತೆ ಮರಿಯಮ್ಮನ ಜನ್ಮದಿನದ ಹಬ್ಬಕ್ಕೆ, ಚರ್ಚಿನಲ್ಲಿ ಆಶೀರ್ವದಿಸಿದ ತೆನೆ ಮನೆಗೆ ಬರುತ್ತದೆ. ಅಂದು ಬಲಪುಟಗಳನ್ನೆಲ್ಲ ಮೊದಲಿನಿಂದ ಓದುತ್ತೇವೆ. ನೆರವೇರಿದ್ದಕ್ಕೆ ಒಂದು ಗೀಟು. ನೆರವೇರದ್ದನ್ನು ಹೊಡೆದುಹಾಕದೆ ಹಾಗೇ ಬಿಟ್ಟು, ತೆನೆಯ ಕಾಳು ಸುಲಿದು ಹಾಲಿಗೆ ಬೆರೆಸಿ ಎಲ್ಲರಿಗೂ ಹಂಚುತ್ತೇವೆ.