ಮಳೆ ಬಂದಾಗ ಲೆಕ್ಕ ತಪ್ಪುತ್ತಿದ್ದ ಬೆಂಚ್ ಮೀಟರ್

ತೀರ್ಥಹಳ್ಳಿಯಲ್ಲಿ ನನ್ನದು ಇನ್ವರ್ಟರ್, ಸ್ಟೆಬಿಲೈಸರ್, ಪಂಪ್‌ಸೆಟ್ ಸ್ಟಾರ್ಟರ್ ರಿಪೇರಿ ಕೆಲಸ. ಕೈಯಲ್ಲಿ ಹಿಡಿಯುವ ಮೀಟರ್ ಇದ್ದೇ ಇದೆ. ಆದರೂ ಮೇಜಿನ ಮೇಲೆ ವೋಲ್ಟೇಜ್, ರೆಸಿಸ್ಟೆನ್ಸ್ ಅಳೆಯುವ ಒಂದು ನಾಲ್ಕೂವರೆ ಡಿಜಿಟ್ (19999ರವರೆಗೆ ತೋರಿಸುವ) ಬೆಂಚ್ ಮೀಟರ್ ಇರಬೇಕು ಅಂತ ಬಹಳ ದಿನದ ಆಸೆ. ಹೊಸದರ ಬೆಲೆ ಕೇಳಿ ಸುಮ್ಮನಾಗಿದ್ದೆ. ಶಿವಮೊಗ್ಗದ ಗುಜರಿಯೊಂದರಲ್ಲಿ ಹಳೆಯದು ಸಿಕ್ಕಿತು. "ಡಿಸ್‌ಪ್ಲೇ ಬರುತ್ತೆ ಮಾರಾಯ್ರೆ, ಗ್ಯಾರಂಟಿ ಮಾತ್ರ ಕೇಳ್ಬೇಡಿ" ಎಂದರು ಅಂಗಡಿಯವರು. ಒಪ್ಪಿ ತಂದೆ.

ಇಂಥದ್ದನ್ನು ತಂದ ಕೂಡಲೇ ಪ್ಲಗ್ಗಿಗೆ ಹಾಕಬಾರದು. ಮೊದಲು ಮುಚ್ಚಳ ತೆಗೆದೆ. ಗಾಳಿ ಕಿಂಡಿಯಲ್ಲಿ ಕಣಜದ ಮಣ್ಣುಗೂಡು. ಫ್ಯೂಸಿನ ಮೇಲೆ ತಾಮ್ರದ ಎಳೆ ಸುತ್ತಿತ್ತು. ಅದನ್ನು ಕಿತ್ತು, ಹಿಂಬದಿಯಲ್ಲಿ ಬರೆದಿದ್ದ ರೇಟಿಂಗಿನದೇ ಹೊಸ ಫ್ಯೂಸ್ ಹಾಕಿದೆ. ಇದರಲ್ಲಿ ರಾಜಿ ಬೇಡ, ಒಳಗೆ 230 ವೋಲ್ಟ್ ಇರುತ್ತದೆ.

ಡಿಸ್‌ಪ್ಲೇ ಬಂತು, ಆದರೆ ಸಂಜೆ ಲೈನ್ ವೋಲ್ಟೇಜ್ ಇಳಿದರೆ ಅಂಕಿಗಳು ಕುಣಿಯುತ್ತಿದ್ದವು. ಇದು ಪವರ್ ಸಪ್ಲೈ ಕಡೆಯ ಲಕ್ಷಣ. 7805 ರೆಗ್ಯುಲೇಟರ್ 5 ವೋಲ್ಟ್ ಕೊಡಬೇಕಾದರೆ ಅದಕ್ಕೆ ಕಡಿಮೆಯೆಂದರೂ 7 ವೋಲ್ಟ್ ಹೋಗಬೇಕು. ರೆಗ್ಯುಲೇಟರಿನ ಇನ್‌ಪುಟ್ ಬದಿಯಲ್ಲಿ ಕೈ ಮೀಟರಿನ ಎಸಿ ರೇಂಜ್ ಇಟ್ಟು ನೋಡಿದರೆ ರಿಪಲ್, ಅಂದರೆ ಡಿಸಿಯಲ್ಲಿ ಉಳಿದ ಏರಿಳಿತ, ವಿಪರೀತ ಇತ್ತು. (ಅಗ್ಗದ ಮೀಟರುಗಳು ಎಸಿ ರೇಂಜಿನಲ್ಲಿ ಡಿಸಿಯನ್ನೂ ತೋರಿಸಿಬಿಡುತ್ತವೆ. ಪ್ರೋಬ್ ಅದಲು ಬದಲು ಮಾಡಿ ನೋಡಿ, ಅಂಕಿ ಬೇರೆ ಬಂದರೆ ನಂಬಬೇಡಿ.) ಫಿಲ್ಟರ್ ಕೆಪಾಸಿಟರ್ ಒಣಗಿತ್ತು. ಅಷ್ಟೇ ಮೈಕ್ರೋಫ್ಯಾರಡಿನ, 105 ಡಿಗ್ರಿಯ ಹೊಸದು ಹಾಕಿದೆ. ಕುಣಿತ ನಿಂತಿತು.

ನಿಜವಾದ ಕಾಟ ಶುರುವಾಗಿದ್ದು ಆಮೇಲೆ. ಬ್ಯಾಟರಿ ವೋಲ್ಟೇಜ್ ಸರಿ. 1 ಕಿಲೋಓಮ್ ಸರಿ, 100 ಕಿಲೋಓಮ್ ಸರಿ. ಆದರೆ ಪುನರ್ವಸು ಮಳೆ ಹಿಡಿದ ದಿನ 10 ಮೆಗಾಓಮ್ ರೆಸಿಸ್ಟರ್ ಇಟ್ಟರೆ 9.1 ತೋರಿಸಿತು. ಬಿಸಿಲು ಬಿದ್ದ ದಿನ 9.7. ತಪ್ಪು ರೆಸಿಸ್ಟರಿನದೋ ಮೀಟರಿನದೋ?

ಮೀಟರನ್ನೇ ಪರೀಕ್ಷಿಸುವ ಕ್ಯಾಲಿಬ್ರೇಟರ್ ನಮ್ಮಲ್ಲಿ ಎಲ್ಲಿಂದ ಬರಬೇಕು? ಆದರೆ ಇದಕ್ಕೆ ಅದು ಬೇಕಾಗಿಯೂ ಇಲ್ಲ. 1 ಮೆಗಾಓಮಿನ ಹತ್ತು ರೆಸಿಸ್ಟರ್ ತೆಗೆದುಕೊಂಡೆ. ಒಂದೊಂದನ್ನೇ ಅಳೆದು ಬರೆದು ಕೂಡಿದೆ. 9.9 ಬಂತು. ಆಮೇಲೆ ಹತ್ತನ್ನೂ ಸಾಲಾಗಿ ಬೆಸೆದು ಒಟ್ಟಿಗೆ ಅಳೆದೆ. 9.1! ಬಿಡಿಬಿಡಿಯಾಗಿ ಕೂಡಿದ್ದಕ್ಕೂ ಒಟ್ಟಿಗೆ ಅಳೆದದ್ದಕ್ಕೂ ಇಷ್ಟು ವ್ಯತ್ಯಾಸ ಬಂದರೆ ರೆಸಿಸ್ಟರನ್ನು ದೂರುವಂತಿಲ್ಲ. ಮೀಟರಿನ ಒಳಗೇ ಕರೆಂಟ್ ಬೇರೆ ದಾರಿ ಹಿಡಿದಿದೆ. 10 ಮೆಗಾಓಮಿಗೆ ಪಕ್ಕದಲ್ಲಿ 100 ಮೆಗಾಓಮ್ ಸೇರಿದರೆ ಲೆಕ್ಕಕ್ಕೆ 9.09 ಬರುತ್ತದೆ. ಅಂದರೆ ಬೋರ್ಡಿನ ಮೇಲೆ ಎಲ್ಲೋ ಸುಮಾರು 100 ಮೆಗಾಓಮಿನ ಸೋರಿಕೆ. 1 ಕಿಲೋಓಮ್ ಅಳೆಯುವಾಗ ಅಷ್ಟು ಸೋರಿಕೆ ಕಾಣುವುದೇ ಇಲ್ಲ. ಪ್ರೋಬ್ ಬಿಟ್ಟು ನೋಡಿದರೂ ಗೊತ್ತಾಗುವುದಿಲ್ಲ, 20 ಮೆಗಾಓಮ್ ರೇಂಜು 100 ಮೆಗಾಓಮನ್ನು ಓವರ್‌ರೇಂಜ್ (ಅಳತೆ ಮೀರಿದೆ) ಎಂದೇ ತೋರಿಸುತ್ತದೆ. ಅಳೆಯುವಾಗ ರೆಸಿಸ್ಟರಿನ ಎರಡೂ ಕಾಲು ಬೆರಳಲ್ಲಿ ಹಿಡಿಯಬೇಡಿ, ಮೈಯೇ ಇನ್ನೊಂದು ದಾರಿಯಾಗುತ್ತದೆ.

ಸೋರಿಕೆ ಎಲ್ಲಿ ಅಂತ ಹುಡುಕಲು ಜ್ಯೂಸ್ ಕುಡಿಯುವ ಸ್ಟ್ರಾ ಸಾಕಾಯಿತು. ಹತ್ತು ರೆಸಿಸ್ಟರಿನ ಸರ ಮೀಟರಿಗೆ ಕಟ್ಟಿ, ಸ್ಟ್ರಾದಿಂದ ಬೋರ್ಡಿನ ಒಂದೊಂದೇ ಜಾಗಕ್ಕೆ ಮೆಲ್ಲಗೆ ಉಸಿರು ಬಿಟ್ಟೆ. ಟ್ರಾನ್ಸ್‌ಫಾರ್ಮರ್ ಮತ್ತು ಫ್ಯೂಸಿನ ಹತ್ತಿರ ಮಾತ್ರ ಹೋಗಲಿಲ್ಲ, ಅಲ್ಲಿ 230 ವೋಲ್ಟ್ ಓಡುತ್ತಿರುತ್ತದೆ. ಉಸಿರಿನ ತೇವ ತಾಗಿದರೂ ಐಸಿಯ ಸುತ್ತ ಏನೂ ಆಗಲಿಲ್ಲ. ರೇಂಜ್ ಸ್ವಿಚ್ಚಿನ ಹತ್ತಿರವೂ ಇಲ್ಲ. ಇನ್‌ಪುಟ್ ಸಾಕೆಟ್ಟಿನ ಹಿಂದೆ ಮೀಟರಿನ ರಕ್ಷಣೆಗೆ ಇರುವ ಥರ್ಮಿಸ್ಟರ್ (ಬಿಸಿಗೆ ರೆಸಿಸ್ಟೆನ್ಸ್ ಬದಲಾಗುವ ಬಿಡಿಭಾಗ) ಹತ್ತಿರ ಬಂದಾಗ 9.1 ಇದ್ದದ್ದು 8ಕ್ಕೆ ಜಾರಿತು, ಉಸಿರು ಆರಿದ ಹಾಗೆ ನಿಧಾನಕ್ಕೆ ಮೇಲೆ ಬಂತು. ಪ್ಲಗ್ ತೆಗೆದು, ಭೂತಗನ್ನಡಿ ಹಿಡಿದು ನೋಡಿದೆ. ಯಾರೋ ಹಿಂದೆ ಆ ಥರ್ಮಿಸ್ಟರ್ ಬದಲಿಸಿದ್ದರು. ಬೆಸೆಯಲು ಹಚ್ಚಿದ ಪೇಸ್ಟನ್ನು ಒರೆಸಿರಲಿಲ್ಲ. ಹಳದಿ ಜಿಡ್ಡು, ಅದರ ಮೇಲೆ ಧೂಳು, ಎರಡು ಟ್ರ್ಯಾಕ್ ನಡುವೆ ಸೇತುವೆ ಕಟ್ಟಿದಂತೆ. ಆ ಪೇಸ್ಟ್ ಗಾಳಿಯ ತೇವ ಎಳೆದುಕೊಳ್ಳುತ್ತದೆ. ಬಯಲುಸೀಮೆಯಲ್ಲಿ ಇದೇ ಮೀಟರ್ ವರ್ಷಗಟ್ಟಲೆ ಸರಿಯಾಗಿಯೇ ಓಡುತ್ತಿತ್ತೇನೋ. ಚಪ್ಪಲಿಗೂ ಬೂಸ್ಟು ಹಿಡಿಯುವ ನಮ್ಮ ಮಲೆನಾಡಿನಲ್ಲಿ ಆಗುವ ಮಾತಲ್ಲ.

ತೊಳೆಯುವಾಗ ಒಂದು ವಿಷಯ ಗಮನಿಸಿ. ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ಸುರಿದು ಬ್ರಷ್ ಉಜ್ಜಿ ಹಾಗೇ ಬಿಟ್ಟರೆ ಜಿಡ್ಡು ಕರಗಿ ಇನ್ನಷ್ಟು ಅಗಲಕ್ಕೆ ಹರಡುತ್ತದೆ. ಹಳೆ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ, ಒಣಗುವ ಮೊದಲೇ ಹತ್ತಿ ಬಟ್ಟೆ ಒತ್ತಿ ಹೀರಿಸಬೇಕು. ಬಟ್ಟೆಗೆ ಹಳದಿ ಅಂಟುವುದು ನಿಲ್ಲುವವರೆಗೆ ಮತ್ತೆ ಮತ್ತೆ ಮಾಡಬೇಕು. ಆಮೇಲೆ ಆ ಜಾಗಕ್ಕೆ ಬೆರಳು ತಾಗಿಸಬಾರದು, ಬೆವರಿನ ಉಪ್ಪೂ ಸೋರಿಕೆಯೇ. ಐಪಿಎ ಪೂರ್ತಿ ಆರಿದ ಮೇಲೆ ಬೋರ್ಡನ್ನು ರಟ್ಟಿನ ಪೆಟ್ಟಿಗೆಯಲ್ಲಿಟ್ಟು, ಮೇಲೆ ದೂರದಲ್ಲಿ 60 ವಾಟಿನ ಹಳೇ ತರದ ಬಲ್ಬ್ ಹಚ್ಚಿದೆ. ಮುಟ್ಟಿದರೆ ಬೆಚ್ಚಗಿರಬೇಕು, ಅಷ್ಟೇ. ಬಿಸಿ ಜಾಸ್ತಿಯಾದರೆ ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ, ರಟ್ಟಿಗೂ ಅಪಾಯ. ಹಾಗಾಗಿ ಹಗಲಲ್ಲಿ, ನಾನು ಎದುರಿಗೇ ಕೂತಿರುವಾಗ ಮಾಡಿದೆ.

ಪುಷ್ಯ ಮಳೆ ಜೋರಾಗಿ ಹೊಯ್ಯುವಾಗ ಮತ್ತೆ ಅದೇ ಹತ್ತು ರೆಸಿಸ್ಟರ್ ಅಳೆದೆ. ಬಿಡಿಯಾಗಿ ಕೂಡಿದ್ದು, ಸಾಲಾಗಿ ಅಳೆದದ್ದು, ಎರಡೂ ಕೊನೆಯ ಅಂಕಿಯ ಆಸುಪಾಸಿನಲ್ಲೇ ಸೇರಿದವು. ಸ್ಟ್ರಾ ಹಿಡಿದು ಊದಿದರೂ ಅಲ್ಲಾಡಲಿಲ್ಲ. ಎಷ್ಟು ಖುಷಿಯಾಯಿತು ಅಂದರೆ, ಅಂಗಡಿಗೆ ಬಂದವರಿಗೆಲ್ಲ ತೋರಿಸಿದೆ.

ರೆಫರೆನ್ಸ್ ಪ್ರಿಸೆಟ್ಟನ್ನು (ಅಳತೆಗೆ ಆಧಾರವಾದ ವೋಲ್ಟೇಜ್ ಹೊಂದಿಸುವ ಪುಟ್ಟ ತಿರುಪು) ಮಾತ್ರ ಇಡೀ ಕೆಲಸದಲ್ಲಿ ಮುಟ್ಟಲಿಲ್ಲ. ಈ ಮೀಟರಿನಲ್ಲಿ ಅಳತೆಯನ್ನು ಅಂಕಿಗೆ ತಿರುಗಿಸುವ ಐಸಿ ಐಸಿಎಲ್ 7135, ಅದಕ್ಕೆ 1.000 ವೋಲ್ಟ್ ರೆಫರೆನ್ಸ್ ಬೇಕು. ಸೋರಿಕೆ ಇರುವಾಗ ಪ್ರಿಸೆಟ್ ತಿರುಗಿಸಿ ಅಂಕಿ ಕೂರಿಸಿದರೆ ಸರಿಯಿದ್ದ ರೇಂಜುಗಳೂ ಕೆಡುತ್ತವೆ. ಪರಿಚಯದ ಲೆಕ್ಚರರ್ ಒಬ್ಬರ ಕಾಲೇಜ್ ಲ್ಯಾಬಿನಲ್ಲಿ ಅರ್ಧ ಗಂಟೆ ಆನ್ ಮಾಡಿಟ್ಟು, ಅವರ ಮೀಟರಿನ ಪಕ್ಕ ಹೋಲಿಸಿದೆವು. ತಿರುಗಿಸುವ ಅಗತ್ಯವೇ ಬರಲಿಲ್ಲ.

ಥಂಡಿ ತಾಗದ ಹಾಗೆ ವಾರ್ನಿಷ್ ಹೊಡೆಯಿರಿ ಎಂದು ಕೆಲವರು ಹೇಳಿದರು. ನಾನು ಹೊಡೆದಿಲ್ಲ. ಅಡಿಯಲ್ಲಿ ಚೂರು ಜಿಡ್ಡು ಉಳಿದಿದ್ದರೂ ಅದನ್ನು ಒಳಗೇ ಮುಚ್ಚಿಟ್ಟ ಹಾಗೆ, ಮುಂದೆ ತೊಳೆಯಲೂ ಆಗುವುದಿಲ್ಲ. ಅದರ ಬದಲು ಮಳೆಗಾಲದಲ್ಲಿ ಬೆಳಿಗ್ಗೆ ಅಂಗಡಿ ತೆಗೆದ ಕೂಡಲೇ ಮೀಟರ್ ಆನ್ ಮಾಡಿಡುತ್ತೇನೆ. ಟ್ರಾನ್ಸ್‌ಫಾರ್ಮರಿನ ಬಿಸಿಗೆ ಬೋರ್ಡ್ ಒಣಗಿರುತ್ತದೆ.