ಅಪ್ಪನಿಗೆ ಶುಗರ್ ಇದ್ದರೆ ನನಗೂ ಬರುತ್ತಾ? ಮನೆಯಲ್ಲೇ ಲೆಕ್ಕ ಹಾಕುವುದು ಹೀಗೆ

ಒಂದು ಹಾಳೆ, ಪೆನ್ನು, ಬಟ್ಟೆ ಅಳೆಯುವ ಟೇಪು ತಗೊಳ್ಳಿ.

ಮೊದಲು ವಂಶವೃಕ್ಷ ಬರೆಯಿರಿ. ಮೇಲೆ ಅಜ್ಜ ಅಜ್ಜಿಯರು, ಕೆಳಗೆ ಅಪ್ಪ ಅಮ್ಮ ಮತ್ತು ಅವರ ಒಡಹುಟ್ಟಿದವರು, ಅದರ ಕೆಳಗೆ ನೀವು. ರಕ್ತಸಂಬಂಧಿಗಳು ಮಾತ್ರ. ಅಮ್ಮನ ತಂಗಿ ಚಿಕ್ಕಮ್ಮ ಬೇಕು, ಚಿಕ್ಕಪ್ಪನ ಹೆಂಡತಿ ಚಿಕ್ಕಮ್ಮ ಬೇಡ. ಶುಗರ್ ಇದ್ದವರ ಹೆಸರಿಗೆ ಸುತ್ತು ಹಾಕಿ, ಎಷ್ಟನೇ ವಯಸ್ಸಿಗೆ ಗೊತ್ತಾಯಿತು ಅಂತ ಪಕ್ಕದಲ್ಲಿ ಬರೆಯಿರಿ. ಬಸುರಿಯಾಗಿದ್ದಾಗ ಶುಗರ್ ಬಂದು ಹೋಗಿದ್ದರೆ ಅದನ್ನೂ ಬರೆಯಿರಿ, ಅದು ದೊಡ್ಡ ಸುಳಿವು.

ಹಿರಿಯರಿಗೆ ಫೋನ್ ಮಾಡಿ ಕೇಳಲೇಬೇಕು. ನಮ್ಮ ಅಜ್ಜಿಗೆ ಶುಗರ್ ಇತ್ತು ಅಂತ ನಮಗೆ ಯಾರೂ ಹೇಳಿರಲಿಲ್ಲ. ಚಿಕ್ಕಮ್ಮನನ್ನು ಕೇಳಿದಾಗ, "ಕಾಲಿನ ಗಾಯ ವರ್ಷಗಟ್ಟಲೆ ಮಾಯಲೇ ಇಲ್ಲ ಕಣೋ, ಡಾಕ್ಟರು ಕಾಫಿಗೆ ಸಕ್ಕರೆ ಬಿಡಿಸಿದ್ದರು" ಅಂದರು. ಹಾಳೆಯಲ್ಲಿ ಇನ್ನೊಂದು ಸುತ್ತು ಬಿತ್ತು.

ಈಗ ಆ ಸುತ್ತುಗಳನ್ನು ನೋಡಿ. ಹೆಚ್ಚಿನವರ ಮನೆಯಲ್ಲಿ ಅವು 40 ದಾಟಿದವರ ಮೇಲೆ, ಅಲ್ಲೊಂದು ಇಲ್ಲೊಂದು ಇರುತ್ತವೆ. ಇದು ಒಂದೇ ಜೀನಿನ (ವಂಶವಾಹಿಯ) ಕೆಲಸ ಅಲ್ಲ. ನೂರಾರು ಜೀನುಗಳಲ್ಲಿ ಇರುವ ಸಣ್ಣ ಸಣ್ಣ ವ್ಯತ್ಯಾಸಗಳು ಸೇರಿ ಹೀಗಾಗುತ್ತದೆ. ಅವುಗಳಲ್ಲಿ ಜೋರಾದದ್ದು ಟಿಸಿಎಫ್7ಎಲ್2 ಅನ್ನುವ ಜೀನ್. 2006ರಲ್ಲಿ ಐಸ್‌ಲ್ಯಾಂಡಿನ ವಿಜ್ಞಾನಿಗಳು ಇದನ್ನು ಗುರುತಿಸಿದರು, ಆಮೇಲೆ ನಮ್ಮ ದೇಶದವರಲ್ಲೂ ಕಂಡಿತು. ಇದರ ಅಪಾಯದ ರೂಪ ಇದ್ದವರಲ್ಲಿ ಮೇದೋಜೀರಕ ಗ್ರಂಥಿ ಊಟವಾದ ಮೇಲೆ ಬೇಕಾದಷ್ಟು ಇನ್ಸುಲಿನ್ ಬಿಡುವುದಿಲ್ಲ. ಅಪ್ಪ ಅಮ್ಮ ಇಬ್ಬರಿಂದಲೂ ಅದು ಬಂದಿದ್ದರೆ ಅಪಾಯ ಸುಮಾರು ಎರಡು ಪಟ್ಟು. ಅಪಾಯ ಜಾಸ್ತಿ ಅಷ್ಟೇ, ಕಾಯಿಲೆ ಬಂದೇ ಬರುತ್ತದೆ ಅಂತಲ್ಲ.

ಆದರೆ ಮೂರು ತಲೆಮಾರಲ್ಲೂ ಸಾಲಾಗಿ ಸುತ್ತು ಇದ್ದು, ಕೆಲವರಿಗೆ 25ರೊಳಗೇ ಬಂದಿದ್ದು, ಅವರು ತೆಳ್ಳಗೂ ಇದ್ದರೆ ಆ ಹಾಳೆ ಹಿಡಿದು ಶುಗರ್ ಡಾಕ್ಟರ ಹತ್ತಿರ ಹೋಗಿ. ಒಂದೇ ಜೀನ್ ಕೆಟ್ಟು ಬರುವ 'ಮೋಡಿ' ಅನ್ನುವ ಬಗೆ ಇರಬಹುದು. ಜೀನ್ ಪರೀಕ್ಷೆ ನಿಜಕ್ಕೂ ಉಪಯೋಗಕ್ಕೆ ಬರುವುದು ಇಲ್ಲಿ. ಯಾಕೆಂದರೆ ಇನ್ಸುಲಿನ್ ಚುಚ್ಚಿಕೊಳ್ಳುತ್ತಿರುವ ಇಂಥ ಕೆಲವರಿಗೆ ಒಂದು ಹಳೆಯ, ಅಗ್ಗದ ಮಾತ್ರೆಯೇ ಸಾಕಾಗುತ್ತದೆ. ಉಳಿದವರು ಸುಮ್ನೆ ಸಾವಿರಾರು ರೂಪಾಯಿ ಕೊಟ್ಟು ಜೀನ್ ಕಿಟ್ ತರಿಸುವುದು ಬೇಡ ಅಂತ ನನ್ನ ಅಭಿಪ್ರಾಯ.

ಅದರ ಬದಲು ಅಂಕ ಹಾಕಿ. ಚೆನ್ನೈನ ಮಧುಮೇಹ ಸಂಶೋಧಕರು 2005ರಲ್ಲಿ ನಮ್ಮಂಥವರಿಗೇ ಅಂತ ಮಾಡಿದ ಲೆಕ್ಕ ಇದು. ವಯಸ್ಸು 35ರಿಂದ 49 ಆದರೆ 20, 50 ಅಥವಾ ಮೇಲಾದರೆ 30. ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಮುಟ್ಟಿದರೆ 10, ಅದಕ್ಕಿಂತ ಹತ್ತು ಸೆಂಟಿಮೀಟರ್ ಮೇಲಾದರೆ 20. ವ್ಯಾಯಾಮವೂ ಇಲ್ಲ, ಕೂತೇ ಕೆಲಸ ಅಂದರೆ 30, ಓಡಾಟ ಹೆಚ್ಚಿದ ಹಾಗೆ ಅದು 20, 10, 0 ಅಂತ ಇಳಿಯುತ್ತದೆ. ಅಪ್ಪ ಅಮ್ಮರಲ್ಲಿ ಒಬ್ಬರಿಗೆ ಶುಗರ್ ಇದ್ದರೆ 10, ಇಬ್ಬರಿಗೂ ಇದ್ದರೆ 20. ಮೊತ್ತ 60 ಅಥವಾ ಮೇಲಾದರೆ ಅಪಾಯ ಹೆಚ್ಚು.

ನೋಡಿದಿರಾ? ಅಪ್ಪ ಅಮ್ಮನ ಕಡೆಯಿಂದ ಬರುವುದು ಹೆಚ್ಚೆಂದರೆ 20. ಸೊಂಟ ಮತ್ತು ಓಡಾಟ ಸೇರಿದರೆ 50, ಅದು ನಮ್ಮ ಕೈಯಲ್ಲಿದೆ. ಅಮೆರಿಕದಲ್ಲಿ ಅಪಾಯದ ಅಂಚಿನಲ್ಲಿದ್ದ ಸಾವಿರಕ್ಕೂ ಹೆಚ್ಚು ಜನರನ್ನು ತೂಕ ಇಳಿಸಿ ವಾರಕ್ಕೆ 150 ನಿಮಿಷ ನಡೆಯುವಂತೆ ಮಾಡಿದಾಗ ಕಾಯಿಲೆ ಬರುವುದು 58 ಶೇಕಡಾ ಕಡಿಮೆಯಾಯಿತು. ಟಿಸಿಎಫ್7ಎಲ್2ನ ಅಪಾಯದ ರೂಪ ಎರಡೂ ಕಡೆಯಿಂದ ಬಂದವರಿಗೂ ಅದರಿಂದ ಲಾಭವಾಯಿತು.

ಕೊನೆಗೆ ರಕ್ತ ಪರೀಕ್ಷೆ. ಖಾಲಿ ಹೊಟ್ಟೆಯಲ್ಲಿ 100ರಿಂದ 125 ಬಂದರೆ ಅಂಚಿನಲ್ಲಿದ್ದೀರಿ. 126 ಅಥವಾ ಮೇಲೆ ಬಂದರೆ ಇನ್ನೊಮ್ಮೆ ಮಾಡಿಸಿ ಖಚಿತ ಮಾಡಿಕೊಳ್ಳಬೇಕು. ಹಾಳೆಯ ಫೋಟೊ ತೆಗೆದು ಅಣ್ಣ ತಮ್ಮ, ಅಕ್ಕ ತಂಗಿಯರಿಗೂ ಕಳಿಸಿ, ಅದು ಅವರದ್ದೂ ವಂಶ ಅಲ್ವಾ. ನಾನು ಕಳಿಸಿದ ಮೇಲೆ ತಮ್ಮ ಪರೀಕ್ಷೆ ಮಾಡಿಸಿದ. 36 ವರ್ಷ, ಒಂದು ತೊಂದರೆಯೂ ಇರಲಿಲ್ಲ, 112 ಬಂತು. ಈಗ ಬೆಳಿಗ್ಗೆ ಆರಕ್ಕೇ ಎದ್ದು ನಡೆಯುತ್ತಿದ್ದಾನೆ.