ಎರಡು ಗಂಟೆ ಸರಿದ ಕಾಫಿ

ಕಳೆದ ವಾರದ ರಿಪೋರ್ಟಿನಲ್ಲಿ ನನ್ನ ಹಿಮೋಗ್ಲೋಬಿನ್ 12.3 ಬಂದಿದೆ. ಒಂದೂವರೆ ವರ್ಷದ ಹಿಂದೆ 8.4ರ ಆಸುಪಾಸಿನಲ್ಲಿತ್ತು. "ಕಾಫಿಯ ಹೊತ್ತು ಬದಲಿಸಿದರೆ ರಕ್ತ ಏರುತ್ತದೆಯೇ ಅಕ್ಕಾ?" ಎಂದು ನಕ್ಕಿದ್ದ ವಾರಗಿತ್ತಿ ಈಗ ಹೊತ್ತುಗಳನ್ನು ಕೇಳಿ ಕ್ಯಾಲೆಂಡರಿನ ಹಿಂದೆ ಬರೆದುಕೊಂಡಿದ್ದಾಳೆ. ಕಬ್ಬಿಣದ ಮಾತ್ರೆಯನ್ನೂ ನುಂಗಿದ್ದೇನೆ, ಮುಚ್ಚಿಡುವುದಿಲ್ಲ. ಹೆಚ್ಚಿದ್ದ ರಕ್ತಸ್ರಾವಕ್ಕೂ ಚಿಕಿತ್ಸೆಯಾಗಿತ್ತು. ಆದರೆ ಅದಾದ ಮೇಲೂ ಆರು ತಿಂಗಳು ಮಾತ್ರೆ ನುಂಗುತ್ತ, ಬಿಡುತ್ತ ಇದ್ದೆ. ಅಂಕಿ ಒಂಬತ್ತು ದಾಟಿರಲಿಲ್ಲ.

ಮೊದಲು ದುಡ್ಡು ಹೋದ ಕಥೆ. ಬೀಟ್ರೂಟ್, ದಾಳಿಂಬೆ, ಖರ್ಜೂರ, ಯಾರೋ ಹೇಳಿದ ಟಾನಿಕ್ಕು ಎಂದು ಮೂರು ತಿಂಗಳಲ್ಲಿ ಆರು ಸಾವಿರ ರೂಪಾಯಿಯಾದರೂ ಕರಗಿತು. ಬೀಟ್ರೂಟಿನ ಬಣ್ಣಕ್ಕೂ ರಕ್ತಕ್ಕೂ ಸಂಬಂಧವಿಲ್ಲ. ಅದರಲ್ಲಿ ಕಬ್ಬಿಣಾಂಶ ತೀರಾ ಕಡಿಮೆ. ಒಂದು ಬೆಳಿಗ್ಗೆ ಮೂತ್ರ ಕೆಂಪಗಾಗಿ ಹೆದರಿ ಆಸ್ಪತ್ರೆಗೆ ಓಡಿದೆ. ಬೀಟ್ರೂಟಿನ ಬಣ್ಣವೇ ಹಾಗೆ ಇಳಿದಿತ್ತು. ಕಬ್ಬಿಣಾಂಶ ಕಡಿಮೆಯಿದ್ದವರಲ್ಲಿ ಹಾಗೆ ಆಗುವುದು ಹೆಚ್ಚಂತೆ!

ನಾವು ರಾಗಿಯ ಸೀಮೆಯವರು. ನೂರು ಗ್ರಾಂ ರಾಗಿಯಲ್ಲಿ ನಾಲ್ಕು ಮಿಲಿಗ್ರಾಂಗಿಂತ ಹೆಚ್ಚು ಕಬ್ಬಿಣ, ಮುನ್ನೂರೈವತ್ತರಷ್ಟು ಕ್ಯಾಲ್ಸಿಯಂ ಇರುತ್ತದೆ. ಇಷ್ಟು ತಿಂದೂ ರಕ್ತವಿಲ್ಲವೆಂದರೆ? ನಾನು ಹಾಲು ಹಾಕಿದ ರಾಗಿ ಗಂಜಿ ಕುಡಿದು, ಬಾಯಿ ಒರೆಸುವ ಮೊದಲೇ ಕಾಫಿ ಲೋಟ ಹಿಡಿಯುತ್ತಿದ್ದೆ. ರಾಗಿಯ ಕಾಳಿನಲ್ಲೇ ಇರುವ ಅಂಶಗಳಾದ ಫೈಟೇಟ್, ಟ್ಯಾನಿನ್‌ಗಳು ಕಬ್ಬಿಣವನ್ನು ಕಟ್ಟಿಹಾಕುತ್ತವೆ, ಹಾಲಿನ ಕ್ಯಾಲ್ಸಿಯಂ ಅಡ್ಡ ನಿಲ್ಲುತ್ತದೆ, ಮೇಲೆ ಕಾಫಿ. ಸಣ್ಣ ಕರುಳಿನ ಮೊದಲ ಗೇಣಿನಲ್ಲಿ ಹೀರಿಕೊಳ್ಳದಿದ್ದರೆ ಉಳಿದದ್ದು ಬಹುಪಾಲು ಹೊರಗೇ ಹೋಗುತ್ತದೆ.

ಹಾಗಾಗಿ ಮೊದಲು ಕಾಫಿಗೆ ಕೈ ಹಾಕಿದೆ. ಊಟಕ್ಕೆ ಒಂದು ಗಂಟೆ ಮೊದಲು ಕುಡಿದರೆ ತೊಂದರೆಯಿಲ್ಲ; ಊಟವಾಗಿ ಒಂದು ಗಂಟೆಯ ನಂತರ ಕುಡಿದರೆ ಊಟದ ಜೊತೆಗೆ ಕುಡಿದಷ್ಟೇ ಕೆಡುಕು. ಇದು ತಿಳಿಯದೆ ಎರಡು ತಿಂಗಳು "ಒಂದು ಗಂಟೆ ಬಿಟ್ಟು ಕುಡಿಯುತ್ತಿದ್ದೇನಲ್ಲ" ಎಂದು ಬೀಗಿದ್ದೆ. ಈಗ ಎದ್ದ ತಕ್ಷಣ ಆರು ಗಂಟೆಗೆ ಒಂದು, ಎಂಟಕ್ಕೆ ತಿಂಡಿ, ಹತ್ತೂವರೆಗೆ ಇನ್ನೊಂದು. ದೋಸೆಯ ಹಿಂದೆಯೇ ಕಾಫಿ ಇಲ್ಲದಿರುವ ಕಷ್ಟವನ್ನು ಹಾಸನದ ಕಡೆಯವರಿಗೆ ವಿವರಿಸಬೇಕಿಲ್ಲ.

ಆಮೇಲೆ ರಾಗಿಯ ಮೊಳಕೆ. ಮೊಳಕೆ ಬಂದರೆ ಫೈಟೇಟಿನ ಹಿಡಿತ ಸಡಿಲವಾಗುತ್ತದೆ. ಕಟ್ಟುವುದು ನಿಮಗೆಲ್ಲ ಗೊತ್ತು. ಮಳೆಗಾಲದಲ್ಲಿ ಐದು ಕಿಲೋ ಕಟ್ಟಿ, ಗಂಟು ಬಿಚ್ಚಿದರೆ ಬೂಷ್ಟಿನ ವಾಸನೆ. ದನದ ಮುಂದೆ ಇಡಲೂ ಮನಸ್ಸಾಗದೆ ತಿಪ್ಪೆಗೆ ಸುರಿದೆ, ಇನ್ನೂರು ರೂಪಾಯಿ ನೀರಿನ ಪಾಲು. ಎರಡನೆಯ ಸಲ ಬೇರು ಉದ್ದವಾಗಿ ಗಂಟಿಗೇ ಹೆಣೆದುಕೊಂಡಿತು. ಈಗ ನೆನೆಹಾಕಿದ ನೀರನ್ನು ನಡುವೆ ಒಮ್ಮೆ ಬದಲಿಸುತ್ತೇನೆ, ಬಿಳಿ ಮೊನೆ ಸಾಸಿವೆಯಷ್ಟು ಇಣುಕಿದೊಡನೆ ನೆರಳಿಗೆ ಹರಡುತ್ತೇನೆ. ಗಂಟು ಕಟ್ಟುವ ಮುನ್ನ ಮಾಡುವ ಕೆಲಸವೊಂದಿದೆ, ಅದನ್ನು ಬರೆಯುವುದಿಲ್ಲ. ಈ ಮೊಳಕೆ ರಾಗಿಯ ಹಿಟ್ಟನ್ನು ತಿಂಗಳಿಗೆ ಇಪ್ಪತ್ತು ಪೊಟ್ಟಣ ಮಾರುವವಳು ನಾನು.

ಆ ಹಿಟ್ಟನ್ನು ರಾತ್ರಿ ಕದಡಿ ಹುಳಿ ಬರಿಸಿ, ಬೆಳಿಗ್ಗೆ ಅಂಬಲಿ ಕಾಯಿಸಿ, ಇಳಿಸಿ ಆರಿದ ಮೇಲೆ ಮಜ್ಜಿಗೆಯ ಬದಲು ಅರ್ಧ ನಿಂಬೆಹಣ್ಣು ಹಿಂಡುತ್ತೇನೆ. ಹಿಂಡುವುದು ಅದರ ವಿಟಮಿನ್ ಸಿ ಕಬ್ಬಿಣ ಹೀರಲು ನೆರವಾಗಲೆಂದು; ಒಲೆಯ ಮೇಲಿರುವಾಗಲೇ ಹಿಂಡಿದರೆ ಆ ಫಲ ಒಂದಷ್ಟು ಕಾವಿಗೇ ಹೋಯಿತು. "ಮಜ್ಜಿಗೆ ಇಲ್ಲದ ಅಂಬಲಿ ಯಾವ ಸೀಮೆಯದಮ್ಮಾ?" ಎಂದು ಅತ್ತೆ ವಾರಗಟ್ಟಲೆ ಮುಖ ತಿರುಗಿಸಿದರು. ಮಧ್ಯಾಹ್ನ ಮುದ್ದೆ, ದಂಟಿನ ಸೊಪ್ಪಿನ ಬಸ್ಸಾರಿನ ಪಕ್ಕಕ್ಕೆ ಉಪ್ಪು ಹಾಕಿ ತುರಿದ ನೆಲ್ಲಿಕಾಯಿ. ಮೊಸರು ರಾತ್ರಿಗೆ.

ನಡುವೆ ಕಬ್ಬಿಣದ ಬಾಣಲೆಯ ಹುಚ್ಚೂ ಹಿಡಿಯಿತು. ಸಂತೆಯಲ್ಲಿ ನಾನೂರೈವತ್ತಕ್ಕೆ ತಂದು ಟೊಮೆಟೊ ಗೊಜ್ಜು ಮಾಡಿದೆ. ಹುಳಿಗೆ ಕಬ್ಬಿಣ ಬಿಟ್ಟು ಗೊಜ್ಜು ಮಸಿಯ ಬಣ್ಣಕ್ಕೆ ತಿರುಗಿತು. ಮಗ ತಟ್ಟೆ ಸರಿಸಿ ಎದ್ದ. ಪಲ್ಯಕ್ಕೆ ಅಡ್ಡಿಯಿಲ್ಲ, ಆದರೆ ತೊಳೆದು ಎಣ್ಣೆ ಸವರದೆ ಮರೆತರೆ ಮರುದಿನವೇ ತುಕ್ಕು. ಅದರಿಂದ ರಕ್ತ ಎಷ್ಟು ಏರಿತೆಂದು ಹೇಳಲಾರೆ, ಬಾಣಲೆ ಮಾತ್ರ ಮನೆಯಲ್ಲಿ ಉಳಿದಿದೆ.

ಮಾತ್ರೆಯ ವಿಷಯ. ದಿನವೂ ನುಂಗಿದರೆ ನನಗೆ ಹೊಟ್ಟೆ ಕಟ್ಟುತ್ತಿತ್ತು, ವಾಕರಿಕೆ ಬೇರೆ, ಹದಿನೈದು ದಿನಕ್ಕೆ ಬಿಟ್ಟುಬಿಡುತ್ತಿದ್ದೆ. ಆಮೇಲೆ ನೋಡಿದ ವೈದ್ಯರು ದಿನ ಬಿಟ್ಟು ದಿನ ನುಂಗಲು ಹೇಳಿದರು. ಒಂದು ಮಾತ್ರೆ ಹೋದ ಮೇಲೆ ಮೈಯೇ ಒಂದು ದಿನ ಬಾಗಿಲು ಅರ್ಧ ಮುಚ್ಚುತ್ತದಂತೆ. ತೆರೆಯುವವರೆಗೆ ಕಾದರೆ ಪ್ರತಿ ಮಾತ್ರೆಯಿಂದ ಹೆಚ್ಚು ಹೀರುತ್ತದೆ. ಇದನ್ನು ನೀವು ನಿಮ್ಮ ವೈದ್ಯರನ್ನು ಕೇಳಿಯೇ ಮಾಡಿ. ನಾನು ಏಳು ಗಂಟೆಗೆ ನಿಂಬೆ ನೀರಿನ ಜೊತೆ ನುಂಗುತ್ತೇನೆ, ಆ ದಿನ ಆರರ ಕಾಫಿಗೆ ರಜೆ.

ಇದೆಲ್ಲ ಹಿಡಿದ ಎರಡು ತಿಂಗಳಿಗೆ ಹಿಮೋಗ್ಲೋಬಿನ್ 9.6, ಐದನೆಯದಕ್ಕೆ 11ರ ಹತ್ತಿರ. ತಂಗಿಯ ಮಗಳ ಮದುವೆಯ ಗಲಾಟೆಯಲ್ಲಿ ತಿಂಗಳು ಪೂರ್ತಿ ಎಲ್ಲವೂ ಹಳಿ ತಪ್ಪಿತು, ಮುಂದಿನ ಸಲ ಅಂಕಿ ಅಲ್ಲೇ ನಿಂತಿತ್ತು. ಮೈಯಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟೆಂದು ತೋರಿಸುವ ಫೆರಿಟಿನ್ ಆರರಷ್ಟಿದ್ದದ್ದು ಈಗ ಮೂವತ್ತರ ಸಮೀಪ ಬಂದಿದೆ, ಆ ಪರೀಕ್ಷೆಗೇ ಆರುನೂರು ರೂಪಾಯಿ ಬೇರೆ. ಕೂಡಿಟ್ಟದ್ದು ಇನ್ನೂ ಸಾಲದು, ಮೂರು ತಿಂಗಳು ಮಾತ್ರೆ ಬಿಡಬೇಡಿ ಎಂದಿದ್ದಾರೆ. ಇದನ್ನು ಬರೆಯುವಾಗ ಎಂಟೂವರೆ. ಯಜಮಾನರ ಲೋಟದಿಂದ ಪರಿಮಳ ಬರುತ್ತಿದೆ, ನನ್ನ ಸರದಿಗೆ ಇನ್ನೂ ಎರಡು ಗಂಟೆ ಇದೆ.